ಏಪ್ರಿಲ್‌ನಲ್ಲಿ ನೋಡುವ ಕ್ಯಾಂಪಸ್, ಜನವರಿಯಲ್ಲಿ ಬಾಳುವ ಊರು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಸಿಕ್ಕ ಮೇಲೆ, ಬರುತ್ತೇನೆಂದು ಒಪ್ಪಿಗೆ ಕೊಡುವ ಮೊದಲು, ವಿದ್ಯಾರ್ಥಿ ಒಮ್ಮೆ ಹೋಗಿ ಕ್ಯಾಂಪಸ್ ನೋಡಿ ಬರುವ ಪದ್ಧತಿ ಇದೆ. ಅರ್ಜಿ ಹಾಕುವಾಗ ಮೆಚ್ಚಿಸುವ ಕೆಲಸ ವಿದ್ಯಾರ್ಥಿಯದು. ಪ್ರವೇಶ ಪತ್ರ ಕೈಗೆ ಬಂದ ದಿನದಿಂದ ಆ ಕೆಲಸ ವಿಶ್ವವಿದ್ಯಾಲಯದ್ದಾಗುತ್ತದೆ. ಏಕೆಂದರೆ ಒಳ್ಳೆಯ ವಿದ್ಯಾರ್ಥಿಯ ಕೈಯಲ್ಲಿ ಅಂಥ ಪತ್ರಗಳು ಮೂರು ನಾಲ್ಕು ಇರುತ್ತವೆ. ಪದವಿ ತರಗತಿಗೆ ಸೇರುವವರು ಸಾಮಾನ್ಯವಾಗಿ ಮೇ 1ರೊಳಗೆ ಉತ್ತರ ಕೊಡಬೇಕು. ವಿದ್ಯಾರ್ಥಿವೇತನದೊಂದಿಗೆ ಸಂಶೋಧನೆಗೆ ಸೇರುವವರಿಗೆ ಏಪ್ರಿಲ್ 15ರ ಗಡುವು. ಅದಕ್ಕೂ ಮೊದಲೇ ಉತ್ತರ ಬೇಕೆಂದು ಒತ್ತಾಯಿಸುವುದಿಲ್ಲ ಎಂಬ ನಿರ್ಣಯಕ್ಕೆ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಹಾಗಾಗಿ ಈ ಭೇಟಿಗಳೆಲ್ಲ ಫೆಬ್ರವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗಿನ ಎರಡು ತಿಂಗಳಲ್ಲಿ ಬೀಳುತ್ತವೆ. ಸಂಶೋಧನಾ ವಿಭಾಗಗಳಲ್ಲಿ ಕೆಲವು, ದೇಶದೊಳಗಿಂದ ಬರುವವರಿಗೆ ವಿಮಾನದ ಟಿಕೆಟ್ಟನ್ನೂ ಉಳಿಯಲು ಕೋಣೆಯನ್ನೂ ಕೊಡುತ್ತವೆ.

ಚಳಿಯ ಊರುಗಳ ವಿಷಯದಲ್ಲಿ ತೊಡಕು ಇರುವುದು ಇಲ್ಲಿಯೇ. ಭೇಟಿಗೆ ಹೋದವರು ಕಾಣುವುದು ಚಳಿ ಮುಗಿಯುತ್ತಿರುವ ಊರನ್ನು. ಸೇರಿದ ಮೇಲೆ ಕಳೆಯಬೇಕಾದದ್ದು ಅದರ ನಡುಚಳಿಯನ್ನು. ಧಾರವಾಡ, ಮೈಸೂರು, ಬೆಂಗಳೂರಿನಲ್ಲಿ ಬೆಳೆದವರಿಗೆ 15 ಡಿಗ್ರಿಯ ಬೆಳಗೇ ಸ್ವೆಟರ್ ಬೇಡುವ ಬೆಳಗು. ಅವರು ಏಪ್ರಿಲ್‌ನ ಬಿಸಿಲಲ್ಲಿ ಹುಲ್ಲುಹಾಸಿನ ಮೇಲೆ ಕೂತ ಹುಡುಗರನ್ನು ನೋಡಿ ಐದು ವರ್ಷದ ತೀರ್ಮಾನ ಮಾಡುವುದು ಅರ್ಧ ನೋಡಿ ಮಾಡಿದ ತೀರ್ಮಾನ. ಉಳಿದರ್ಧವನ್ನು ಕಟ್ಟಡಗಳಿಂದ, ಬಾಗಿಲುಗಳಿಂದ, ಊರಿನ ಕಾನೂನಿನಿಂದ, ಅಲ್ಲಿಯೇ ಇರುವವರ ಮಾತಿನಿಂದ ಓದಿಕೊಳ್ಳಬೇಕು. ಷಿಕಾಗೊ ನಗರವೂ ಅಲ್ಲಿನ ಷಿಕಾಗೊ ವಿಶ್ವವಿದ್ಯಾಲಯವೂ ಇದಕ್ಕೆ ಒಳ್ಳೆಯ ಉದಾಹರಣೆ. ಕನ್ನಡಕ್ಕೆ ಆ ಕ್ಯಾಂಪಸ್ಸಿನ ಜೊತೆ ಹಳೆಯ ನಂಟೂ ಇದೆ.

ಷಿಕಾಗೊ ಇರುವ ಅಕ್ಷಾಂಶವೂ ರೋಮ್ ಇರುವ ಅಕ್ಷಾಂಶವೂ ಹೆಚ್ಚುಕಡಿಮೆ ಒಂದೇ, ಸುಮಾರು 42 ಡಿಗ್ರಿ ಉತ್ತರ. ಆದರೂ ರೋಮ್‌ನಲ್ಲಿ ಹಿಮ ಬೀಳುವುದು ಅಪರೂಪ, ಷಿಕಾಗೊದಲ್ಲಿ ಒಂದು ಚಳಿಗಾಲಕ್ಕೆ ಒಟ್ಟು ಒಂದು ಮೀಟರ್‌ನಷ್ಟು ಬೀಳುತ್ತದೆ. ಕಾರಣ ಭೂಗೋಳದ್ದು. ಊರು ಖಂಡದ ಒಳನಾಡಿನಲ್ಲಿದೆ, ಉತ್ತರಕ್ಕೆ ಅಡ್ಡವಾಗಿ ಒಂದು ಬೆಟ್ಟಸಾಲೂ ಇಲ್ಲ. ಉತ್ತರ ಧ್ರುವದ ಕಡೆಯಿಂದ ಹೊರಟ ತಣ್ಣನೆಯ ಗಾಳಿ ಕೆನಡಾದ ಬಯಲು ದಾಟಿ ನೇರ ಊರೊಳಗೆ ನುಗ್ಗುತ್ತದೆ. ಸಾಮಾನ್ಯ ಜನವರಿಯಲ್ಲಿ ಹಗಲಿನ ಉಷ್ಣಾಂಶ ಸೊನ್ನೆಯ ಆಚೀಚೆ, ರಾತ್ರಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ. ಇದನ್ನು ಹೇಗೋ ತಡೆದುಕೊಳ್ಳಬಹುದು. ಊರಿನ ನೆನಪಿನಲ್ಲಿ ಉಳಿಯುವುದು ಬೇರೆ ದಿನಗಳು: 1985ರ ಜನವರಿ 20ರಂದು ಮೈನಸ್ 33, 2019ರ ಜನವರಿ 30ರಂದು ಮೈನಸ್ 31 ಡಿಗ್ರಿ ಸೆಲ್ಸಿಯಸ್.

ಅಲ್ಲಿನವರು ಉಷ್ಣಾಂಶವನ್ನಷ್ಟೇ ಕೇಳುವುದಿಲ್ಲ, ‘ವಿಂಡ್ ಚಿಲ್’ ಎಷ್ಟು ಎಂದೂ ಕೇಳುತ್ತಾರೆ. ಮೈಯ ಸುತ್ತ ತೆಳುವಾಗಿ ನಿಂತಿರುವ ಬೆಚ್ಚನೆಯ ಗಾಳಿಯ ಪದರವನ್ನು ಬೀಸುಗಾಳಿ ಹೊತ್ತೊಯ್ಯುತ್ತದೆ. ಆಗ ಚರ್ಮ ಶಾಖವನ್ನು ಕಳೆದುಕೊಳ್ಳುವ ವೇಗ ಹೆಚ್ಚುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಅದು ಮೈಗೆ ಮೈನಸ್ 28ರ ಚಳಿ. ಆ ಸ್ಥಿತಿಯಲ್ಲಿ ಮುಚ್ಚಿಕೊಳ್ಳದ ಕಿವಿ, ಮೂಗು, ಬೆರಳು ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಟೊಪ್ಪಿ, ಕೈಗವಸು ಅಲ್ಲಿ ಅಲಂಕಾರದ ವಸ್ತುಗಳಲ್ಲ.

ಇದರ ಮೇಲೆ ಸರೋವರದ ಆಟ. ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 58 ಸಾವಿರ ಚದರ ಕಿಲೋಮೀಟರ್, ಇಡೀ ಕರ್ನಾಟಕದ ಮೂರನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಅಷ್ಟು ನೀರು ಬಿಸಿಯಾಗುವುದೂ ನಿಧಾನ, ತಣಿಯುವುದೂ ನಿಧಾನ. ಚಳಿಗಾಲದ ಶುರುವಿನಲ್ಲಿ ದಡದ ಬಡಾವಣೆಗಳು ಒಳಗಿನ ಬಡಾವಣೆಗಳಿಗಿಂತ ಚೂರು ಬೆಚ್ಚಗಿರುತ್ತವೆ. ವಸಂತದಲ್ಲಿ ಲೆಕ್ಕ ತಿರುಗುಮುರುಗು. ನೆಲ ಕಾದರೂ ನೀರು ಇನ್ನೂ ಹಿಮದಂತೆ ತಣ್ಣಗಿರುತ್ತದೆ, ಅದರ ಮೇಲಿಂದ ಬರುವ ಗಾಳಿ ದಡವನ್ನು ತಣಿಸುತ್ತದೆ. ‘ಸರೋವರದ ಬಳಿ ಇನ್ನೂ ತಂಪು’ ಎಂಬುದು ಅಲ್ಲಿನ ಹವಾಮಾನ ವರದಿಯಲ್ಲಿ ಏಪ್ರಿಲ್, ಮೇ ತಿಂಗಳಿಡೀ ಕೇಳುವ ಮಾತು. ವಿಶ್ವವಿದ್ಯಾಲಯ ಇರುವ ಹೈಡ್ ಪಾರ್ಕ್ ಬಡಾವಣೆ ದಡದ ಮೇಲೆಯೇ ಇದೆ. ವಿಮಾನ ನಿಲ್ದಾಣದಲ್ಲಿ ಜಾಕೆಟ್ ಬಿಚ್ಚಿದವರು ಕ್ಯಾಂಪಸ್ಸಿನಲ್ಲಿ ಮತ್ತೆ ಹಾಕಿಕೊಳ್ಳುವುದು ಇದರಿಂದಲೇ.

ನಿಲ್ದಾಣದಿಂದ ಕ್ಯಾಂಪಸ್ಸಿಗೆ ಹೋಗುವ ದಾರಿಯೇ ಮೊದಲ ಪಾಠ. ಓಹೇರ್ ವಿಮಾನ ನಿಲ್ದಾಣ ಊರಿನ ವಾಯವ್ಯದಲ್ಲಿ, ಹೈಡ್ ಪಾರ್ಕ್ ದಕ್ಷಿಣದಲ್ಲಿ. ಬ್ಲೂ ಲೈನ್ ರೈಲಿನಲ್ಲಿ ನಗರದ ನಡುವಿಗೆ ಬಂದು, ಅಲ್ಲಿಂದ ಮೆಟ್ರಾ ಎಲೆಕ್ಟ್ರಿಕ್ ರೈಲು ಹಿಡಿದು 59ನೇ ಬೀದಿಯಲ್ಲಿ ಇಳಿಯಬೇಕು. ಟ್ಯಾಕ್ಸಿಯಲ್ಲಿ ಹೋದವರಿಗೆ ಕಾಣದ ಒಂದು ಸಂಗತಿ ರೈಲಿನಲ್ಲಿ ಹೋದವರಿಗೆ ಕಾಣುತ್ತದೆ. ಊರಿನ ಎತ್ತರಿಸಿದ ರೈಲು ನಿಲ್ದಾಣಗಳ ಬಯಲು ಪ್ಲಾಟ್‌ಫಾರ್ಮಿನಲ್ಲಿ ತಲೆಯ ಮೇಲೆ ಶಾಖದ ದೀಪಗಳಿರುತ್ತವೆ. ಗುಂಡಿ ಒತ್ತಿದರೆ ಕೆಂಡದ ಬಣ್ಣಕ್ಕೆ ತಿರುಗಿ ಕೆಲವು ನಿಮಿಷ ಬಿಸಿ ಸುರಿಸಿ ಆರಿಹೋಗುತ್ತವೆ. ಚಳಿಗಾಲದಲ್ಲಿ ಅವುಗಳ ಕೆಳಗೆ ಅಪರಿಚಿತರು ಭುಜಕ್ಕೆ ಭುಜ ಒತ್ತಿ ನಿಲ್ಲುತ್ತಾರೆ. ಆರಿದಾಗ ಗುಂಡಿಯ ಹತ್ತಿರ ಇದ್ದವರು ಕೈ ಚಾಚಿ ಮತ್ತೆ ಒತ್ತುತ್ತಾರೆ. ಹಳ್ಳಿಯ ಚಳಿಗಾಲದ ಬೆಂಕಿಗೆ ಒಬ್ಬರಾದ ಮೇಲೊಬ್ಬರು ಪುಳ್ಳೆ ಒಡ್ಡುವ ಹಾಗೆ.

ಜಾನ್ ಡಿ. ರಾಕ್‌ಫೆಲರ್ ಕೊಟ್ಟ ಹಣದಿಂದ 1890ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಲ್ಲಿ 1892ರಲ್ಲಿ ತರಗತಿಗಳು ಶುರುವಾದವು. ಹೊಸ ಊರಿನ ಹೊಸ ಸಂಸ್ಥೆಗೆ ಹಳತನದ ಗಾಂಭೀರ್ಯ ಬೇಕಿತ್ತು. ಅದಕ್ಕಾಗಿ ಆಕ್ಸ್‌ಫರ್ಡಿನ ಮಾದರಿಯಲ್ಲಿ ಬೂದು ಸುಣ್ಣಕಲ್ಲಿನ ಗಾಥಿಕ್ ಕಟ್ಟಡಗಳನ್ನು ಚೌಕಗಳಾಗಿ ಎಬ್ಬಿಸಿದರು. ಚೌಕದ ನಡುವೆ ಅಂಗಳ, ಸುತ್ತ ಎತ್ತರದ ಗೋಡೆ: ನಮ್ಮ ತೊಟ್ಟಿಮನೆಯ ಲಕ್ಷಣವೇ. ಈ ವಿನ್ಯಾಸವನ್ನು ಆರಿಸಿದ್ದು ನೋಟಕ್ಕೆಂದೇ ಇರಬಹುದು, ಚಳಿಗೂ ಅದು ಒದಗಿಬಂತು. ಸರೋವರದ ಗಾಳಿ ಅಂಗಳದೊಳಗೆ ಬರುವಷ್ಟರಲ್ಲಿ ಸೋತಿರುತ್ತದೆ. ದಕ್ಷಿಣ ಅಂಚಿನ ಹಾರ್ಪರ್ ಗ್ರಂಥಾಲಯದಿಂದ ಅಕ್ಕಪಕ್ಕದ ಕಟ್ಟಡಗಳಿಗೆ ಒಳಗಿನಿಂದಲೇ ದಾರಿಯಿದೆ. ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳಿಗೆ ಇಂಥ ಒಳದಾರಿಗಳೆಲ್ಲ ಬಾಯಿಪಾಠವಾಗಿರುತ್ತವೆ. ಭೇಟಿಯ ದಿನ ಕ್ಯಾಂಪಸ್ ತೋರಿಸುವವರು ಹೊರಗಿನ ಚೆಂದದ ದಾರಿಯಲ್ಲಿ ಕರೆದೊಯ್ಯುತ್ತಾರೆ. ಒಳದಾರಿಯನ್ನು ತೋರಿಸಿ ಎಂದು ಕೇಳಬೇಕು.

ಉತ್ತರದ ಕಾಬ್ ಗೇಟಿನ ಮೇಲೆ ಇಳಿಜಾರಿನಲ್ಲಿ ಹತ್ತುವಂತೆ ಕೆತ್ತಿದ ವಿಕಾರ ಮುಖದ ಕಲ್ಲಿನ ಪ್ರಾಣಿಗಳಿವೆ. ಕೆಳಗೆ ಕಾವಲಿರುವುದು ಪ್ರವೇಶ ಕೊಡುವ ಅಧಿಕಾರಿ, ಅಲ್ಲಿಂದ ಮೇಲೆ ಒಂದೊಂದೂ ಒಂದೊಂದು ವರ್ಷದ ವಿದ್ಯಾರ್ಥಿ ಎಂದು ಕ್ಯಾಂಪಸ್ಸಿನಲ್ಲಿ ಕತೆ ಹೇಳುತ್ತಾರೆ. ಹೊಸದಾಗಿ ಪ್ರವೇಶ ಪಡೆದವರಿಗೆ ಇದನ್ನು ತಪ್ಪದೆ ತೋರಿಸುತ್ತಾರೆ. ರೆನಾಲ್ಡ್ಸ್ ಕ್ಲಬ್ಬಿನ ನೆಲದಲ್ಲಿ ಕೂರಿಸಿದ ವಿಶ್ವವಿದ್ಯಾಲಯದ ಮುದ್ರೆಯನ್ನು ತುಳಿದರೆ ನಾಲ್ಕು ವರ್ಷದಲ್ಲಿ ಪದವಿ ಸಿಗುವುದಿಲ್ಲ ಎಂಬ ನಂಬಿಕೆಯೂ ಇದೆ. ಹೊಸ್ತಿಲು ತುಳಿಯದೆ ದಾಟುವುದನ್ನು ಕಲಿತು ಬೆಳೆದವರಿಗೆ ಅಷ್ಟು ಎಚ್ಚರ ಕಷ್ಟವೇನಲ್ಲ.

ಕ್ಯಾಂಪಸ್ಸನ್ನು ಎರಡಾಗಿ ಸೀಳುವುದು ಮಿಡ್‌ವೇ ಪ್ಲೆಸೆನ್ಸ್, ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಹುಲ್ಲಿನ ಪಟ್ಟಿ. ಜಗತ್ತಿನ ಮೊದಲ ಫೆರಿಸ್ ಚಕ್ರ 1893ರ ವಿಶ್ವ ಮೇಳದಲ್ಲಿ ತಿರುಗಿದ್ದು ಇಲ್ಲಿ. ಅದೇ ಮೇಳದ ಅಂಗವಾಗಿ ಸೇರಿದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದ್ದು; ಆ ಸಭೆ ಸೇರಿದ ಕಟ್ಟಡ ಮಾತ್ರ ಇಲ್ಲಿಂದ ದೂರ, ನಗರದ ನಡುವೆ ಇದೆ. ಮಿಡ್‌ವೇಯ ದಕ್ಷಿಣಕ್ಕೂ ವಿದ್ಯಾರ್ಥಿ ನಿಲಯಗಳಿವೆ, ಕಾನೂನು ಶಾಲೆಯಿದೆ. ನಕ್ಷೆಯಲ್ಲಿ ಅದು ಬೆರಳಗಲದ ಹಸಿರು. ಜನವರಿಯ ಬೆಳಿಗ್ಗೆ ಅದನ್ನು ದಾಟುವುದೆಂದರೆ ಮರೆಯೇ ಇಲ್ಲದ ಬಯಲಿನಲ್ಲಿ ಸರೋವರದ ಗಾಳಿಗೆ ಕೆನ್ನೆ ಕೊಟ್ಟು ನಡೆಯುವುದು. ಕೋಣೆ ಆರಿಸುವ ಮೊದಲು ಅಲ್ಲಿಂದ ತರಗತಿಗೆ ಒಮ್ಮೆ ನಡೆದು ನೋಡಿ, ಎಷ್ಟು ನಿಮಿಷ ಬಯಲಿನಲ್ಲಿ ಕಳೆಯುತ್ತದೆ ಎಂದು ಎಣಿಸಿಕೊಳ್ಳುವುದು ಭೇಟಿಯ ದಿನ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ.

ಈ ಕ್ಯಾಂಪಸ್ಸಿನ ಅತ್ಯಂತ ಪ್ರಸಿದ್ಧ ಘಟನೆಯೂ ಚಳಿಯಲ್ಲೇ ನಡೆದದ್ದು. 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯ ತಂಡ ಮನುಷ್ಯ ನಿರ್ಮಿತ ಮೊದಲ ಅಣು ಸರಪಣಿ ಕ್ರಿಯೆಯನ್ನು ಸಾಧಿಸಿತು. ಜಾಗ, ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿದ್ದ ಸ್ಕ್ವಾಷ್ ಅಂಗಳ. ಅಲ್ಲಿ ಶಾಖದ ವ್ಯವಸ್ಥೆ ಇರಲಿಲ್ಲ. ವಿಶ್ವವಿದ್ಯಾಲಯ ಮೂರು ವರ್ಷ ಹಿಂದೆಯೇ ಫುಟ್‌ಬಾಲ್ ತಂಡವನ್ನು ಕೈಬಿಟ್ಟಿತ್ತು. ಆ ಕಾಲದಿಂದ ಉಳಿದಿದ್ದ ರಕೂನ್ ತುಪ್ಪಳದ ಕೋಟುಗಳನ್ನು ಹೊದ್ದು ಕಾವಲಿನವರು ನಿಂತಿದ್ದರು. ಆ ಮೈದಾನ ಈಗಿಲ್ಲ. ಅದೇ ಜಾಗದಲ್ಲಿ 1970ರಲ್ಲಿ ರೆಗನ್‌ಸ್ಟೈನ್ ಗ್ರಂಥಾಲಯ ಎದ್ದಿತು. ಸರಪಣಿ ಕ್ರಿಯೆ ನಡೆದ ತಾಣದಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವಿದೆ.

ಪಕ್ಕದಲ್ಲೇ 2011ರಲ್ಲಿ ತೆರೆದ ಮ್ಯಾನ್ಸುಯೆಟೊ ಗ್ರಂಥಾಲಯ. ನೆಲದ ಮೇಲೆ ಕಾಣುವುದು ಒಂದು ಗಾಜಿನ ಗುಮ್ಮಟ, ಅದರಡಿ ಓದುವ ಮೇಜುಗಳು. ಪುಸ್ತಕಗಳೆಲ್ಲ ನೆಲದಡಿಯಲ್ಲಿ, ಸುಮಾರು 15 ಮೀಟರ್ ಆಳದವರೆಗೆ, 35 ಲಕ್ಷ ಸಂಪುಟಗಳಿಗೆ ಜಾಗ. ಬೇಕಾದ ಪುಸ್ತಕವನ್ನು ಕೇಳಿದರೆ ಯಂತ್ರದ ಕ್ರೇನ್ ಹೋಗಿ ಪೆಟ್ಟಿಗೆಯನ್ನು ಕೆಲವೇ ನಿಮಿಷಗಳಲ್ಲಿ ಎತ್ತಿ ತರುತ್ತದೆ. ತಲೆಯ ಮೇಲೆ ಹಿಮ ಬೀಳುತ್ತಿರುವಾಗ ಅಂಗಿಯ ತೋಳಲ್ಲಿ ಕೂತು ಓದಬಹುದಾದ ಜಾಗ ಇದು. ಚಳಿಯ ಊರಿನ ಒಳ್ಳೆಯ ಕಟ್ಟಡ ಚಳಿಯನ್ನು ಮರೆಮಾಚಬೇಕಿಲ್ಲ, ಅದನ್ನು ಕಣ್ಣಿಗೆ ಬಿಟ್ಟು ಮೈಗೆ ತಡೆದರೆ ಸಾಕು.

ಸಾಧಾರಣ ಕಟ್ಟಡಗಳಲ್ಲಿ ನೋಡಬೇಕಾದ್ದು ಬಾಗಿಲು. ಹೊರಬಾಗಿಲು ದಾಟಿದರೆ ಒಂದು ಪುಟ್ಟ ನಡುಕೋಣೆ, ಅದಾದ ಮೇಲೆ ಇನ್ನೊಂದು ಬಾಗಿಲು. ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವುದರಿಂದ ಒಳಗಿನ ಬಿಸಿ ಒಮ್ಮೆಲೇ ಹೊರಗೆ ಹರಿಯದು. ಆ ನಡುಕೋಣೆಯ ನೆಲಕ್ಕೆ ಒರಟು ಚಾಪೆ, ಅದರ ಮೇಲೆ ಬಿಳಿಯ ಕಲೆ. ಹಿಮ ಕರಗಲೆಂದು ಕಾಲುದಾರಿಗೆ ಎರಚಿದ ಉಪ್ಪು ಬೂಟಿಗೆ ಮೆತ್ತಿ ಬಂದು ಅಲ್ಲಿ ಒಣಗಿರುತ್ತದೆ. ಏಪ್ರಿಲ್‌ನಲ್ಲೂ ಆ ಕಲೆ ಪೂರ್ತಿ ಹೋಗಿರುವುದಿಲ್ಲ. ಒಳಗಿನ ಗಾಳಿ ಬೆಚ್ಚಗಿದ್ದರೂ ಒಣಗಿರುತ್ತದೆ, ಏಕೆಂದರೆ ತಣ್ಣನೆಯ ಗಾಳಿಯಲ್ಲಿ ನೀರಾವಿ ಕಡಿಮೆ, ಕಾಯಿಸಿದರೆ ಅದು ಇನ್ನೂ ಒಣಗುತ್ತದೆ. ತುಟಿ ಒಡೆಯುವುದು, ಕಬ್ಬಿಣದ ಹಿಡಿ ಮುಟ್ಟಿದರೆ ಚುರ್ ಎನ್ನುವುದು ಇದರ ಫಲ.

ಮನೆಯ ವಿಷಯಕ್ಕೆ ಬಂದರೆ ಒಂದು ಕಾನೂನನ್ನು ತಿಳಿದಿರಬೇಕು. ಷಿಕಾಗೊ ನಗರದ ನಿಯಮದಂತೆ, ಶಾಖದ ಹೊಣೆ ಮನೆಯೊಡೆಯರ ಮೇಲಿರುವ ಬಾಡಿಗೆ ಮನೆಗಳಲ್ಲಿ ಹಗಲು 20 ಡಿಗ್ರಿ, ರಾತ್ರಿ ಸುಮಾರು 19 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಆಗದಂತೆ ನೋಡಿಕೊಳ್ಳಬೇಕು. ಈ ನಿಯಮ ಜಾರಿಯಲ್ಲಿರುವುದು ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ. ವರ್ಷದಲ್ಲಿ ಎಂಟೂವರೆ ತಿಂಗಳು ಶಾಖ ಬೇಕಾಗಬಹುದು ಎಂದು ಊರೇ ಒಪ್ಪಿಕೊಂಡಂತಾಯಿತು. ಹಾಗಾಗಿ ಮನೆ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಲ್ಲ, ಆ ಬಾಡಿಗೆಯಲ್ಲಿ ಶಾಖದ ವೆಚ್ಚ ಸೇರಿದೆಯೇ ಎಂಬುದು. ಎರಡನೆಯದು, ಕಿಟಕಿಯ ಗಾಜು ಒಂದು ಪದರದ್ದೋ ಎರಡೋ ಎಂದು. ಇನ್ನು ಬೀದಿಯಲ್ಲಿ ನಿಲ್ಲಿಸಿದ ಕಾರಿನ ಸುತ್ತಲ ಹಿಮವನ್ನು ತಾವೇ ತೋಡಿ ತೆಗೆದವರು ಆ ಜಾಗ ತಮ್ಮದೆಂದು ಹಳೆಯ ಕುರ್ಚಿಯೊಂದನ್ನು ಇಟ್ಟು ಹೋಗುವುದಿದೆ. ಅದಕ್ಕೆ ‘ಡಿಬ್ಸ್’ ಎನ್ನುತ್ತಾರೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಳಿಗಿಂತ ಹೆಚ್ಚು ಜನರನ್ನು ಕುಗ್ಗಿಸುವುದು ಕತ್ತಲು. ಬೆಂಗಳೂರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಮೀರಿರುತ್ತದೆ. ಷಿಕಾಗೊದಲ್ಲಿ ಡಿಸೆಂಬರ್‌ನ ಹಗಲು ಒಂಬತ್ತು ಗಂಟೆಯದು. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮೂರಕ್ಕೆ ತರಗತಿಗೆ ಹೋದವರು ಹೊರಬರುವಾಗ ರಾತ್ರಿ. ಬೆಳಕು ಕಡಿಮೆಯಾದ ತಿಂಗಳುಗಳಲ್ಲಿ ಬರುವ ಮಂಕನ್ನು ಕಾಯಿಲೆಯೆಂದು ಗುರುತಿಸಿ ವೈದ್ಯರು ಹೆಸರಿಟ್ಟದ್ದು 1984ರಲ್ಲಿ. ಅದಕ್ಕೆ ಬೆಳಗಿನ ಹೊತ್ತು ಪ್ರಖರ ದೀಪದ ಮುಂದೆ ಕೂರುವ ಚಿಕಿತ್ಸೆ ಇದೆ. ಬಿಸಿಲಿನ ನಾಡಿನಿಂದ ಹೋದವರು ಇದನ್ನು ತಮ್ಮ ಸೋಮಾರಿತನ ಎಂದೋ ಊರಿನ ನೆನಪು ಎಂದೋ ತಪ್ಪು ತಿಳಿದು ಒಬ್ಬರೇ ನರಳುವುದುಂಟು. ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರ ಎಲ್ಲಿದೆ, ಆಪ್ತ ಸಲಹೆಗಾರರ ಭೇಟಿ ಎಷ್ಟು ದಿನದಲ್ಲಿ ಸಿಗುತ್ತದೆ ಎಂದು ಭೇಟಿಯ ದಿನವೇ ಕೇಳುವುದರಲ್ಲಿ ಸಂಕೋಚ ಬೇಡ.

ಚಳಿಯನ್ನು ಎದುರಿಸಲು ಈ ವಿಶ್ವವಿದ್ಯಾಲಯ 1983ರಿಂದ ನಡೆಸಿಕೊಂಡು ಬಂದಿರುವ ಒಂದು ಹಬ್ಬ ಇದೆ. ಆಗ ಕಾಲೇಜಿನ ಡೀನ್ ಆಗಿದ್ದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಲೆವಿನ್ ಅದನ್ನು ಶುರುಮಾಡಿದರು. ಅದರ ಉದ್ದದ ಹೆಸರನ್ನು ವಿದ್ಯಾರ್ಥಿಗಳು ‘ಕೂವಿಯಾ’ ಎಂದು ಮೊಟಕು ಮಾಡಿದ್ದಾರೆ. ಸಂತೋಷವನ್ನು ಅರಸುವುದು ಎಂಬ ಅರ್ಥದ ಇನ್ಯೂಟ್ ಪದವನ್ನೂ ಚಳಿಗಾಲದ ಸಾಧನೆ ಎಂಬ ಅರ್ಥದ ಜಪಾನಿ ಪದವನ್ನೂ ಕೂಡಿಸಿ ಮಾಡಿದ ಹೆಸರು ಅದು. ಜನವರಿಯಲ್ಲಿ ಐದು ದಿನ, ಬೆಳಿಗ್ಗೆ ಆರಕ್ಕೆ, ಕತ್ತಲಲ್ಲೇ ಎದ್ದು ಬಂದ ವಿದ್ಯಾರ್ಥಿಗಳು ಒಟ್ಟಿಗೆ ವ್ಯಾಯಾಮ ಮಾಡುತ್ತಾರೆ. ಕೊನೆಯ ದಿನ ಎಲ್ಲರೂ ಸರೋವರದೊಳಕ್ಕೆ ಚಾಚಿದ ಪ್ರಾಮಂಟರಿ ಪಾಯಿಂಟ್ ಎಂಬ ಜಾಗಕ್ಕೆ ನಡೆದುಹೋಗಿ, ಹೆಪ್ಪುಗಟ್ಟುವ ನೀರಿನ ಮೇಲೆ ಹೊತ್ತು ಮೂಡುವ ದಿಕ್ಕಿಗೆ ಮುಖ ಮಾಡಿ ಸೂರ್ಯನಮಸ್ಕಾರ ಹಾಕುತ್ತಾರೆ. ಐದೂ ದಿನ ತಪ್ಪದೆ ಬಂದವರಿಗೆ ಒಂದು ಟಿ-ಷರ್ಟ್. ಕೈಗವಸು, ಉಣ್ಣೆಯ ಟೊಪ್ಪಿ ಹಾಕಿಕೊಂಡು ಹಾಕುವ ಆ ನಮಸ್ಕಾರದಲ್ಲಿ ಒಟ್ಟಿಗೆ ಚಳಿ ದಾಟುವ ಹಟ ಇದೆ. ಏಪ್ರಿಲ್‌ನ ಭೇಟಿಯಲ್ಲಿ ಇದು ಕಾಣುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

ಇನ್ನು ಕನ್ನಡದ ಆ ಹಳೆಯ ನಂಟಿನ ಮಾತು. ಮಿಡ್‌ವೇಗೆ ಮುಖ ಮಾಡಿ ನಿಂತ ಫಾಸ್ಟರ್ ಹಾಲ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆ ಮತ್ತು ನಾಗರಿಕತೆಗಳ ವಿಭಾಗವಿದೆ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಕವಿ, ಅನುವಾದಕ ಎ.ಕೆ. ರಾಮಾನುಜನ್ ಷಿಕಾಗೊಗೆ ಬಂದದ್ದು 1962ರಲ್ಲಿ. 1993ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತಕ್ಕೂ ಹೆಚ್ಚು ಚಳಿಗಾಲಗಳನ್ನು ಅವರು ಈ ವಿಶ್ವವಿದ್ಯಾಲಯದ ಅಧ್ಯಾಪಕರಾಗಿ ಕಳೆದರು. ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ ಕವನ ಸಂಕಲನ 1969ರಲ್ಲಿ ಬಂತು, ವಚನಗಳ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದ 1976ರಲ್ಲಿ. ಬಸವಣ್ಣ, ಅಕ್ಕಮಹಾದೇವಿಯರ ಮಾತು ಜಗತ್ತಿನ ಓದುಗರಿಗೆ ತಲುಪಿದ್ದು ಈ ಹಿಮದ ಊರಿನ ದಾರಿಯಾಗಿ. ಅವರ ಕಾಗದಪತ್ರಗಳು ಇವತ್ತಿಗೂ ಇದೇ ವಿಶ್ವವಿದ್ಯಾಲಯದ ಗ್ರಂಥಾಲಯದ ಸಂಗ್ರಹದಲ್ಲಿವೆ.

ರೆಗನ್‌ಸ್ಟೈನ್‌ನಲ್ಲಿ ಕನ್ನಡ ಪುಸ್ತಕಗಳ ಸಾಲೂ ಇದೆ. ಅದರ ಹಿಂದೆ ಒಂದು ವಿಚಿತ್ರ ಚರಿತ್ರೆ ಇದೆ. ಪಿ.ಎಲ್. 480 ಎಂಬ ಕಾನೂನಿನಡಿ ಭಾರತ ಅಮೆರಿಕದಿಂದ ಗೋಧಿ ತರಿಸಿಕೊಳ್ಳುತ್ತಿತ್ತು, ಬೆಲೆಯನ್ನು ರೂಪಾಯಿಯಲ್ಲೇ ಕೊಡುತ್ತಿತ್ತು. ಹೀಗೆ ಇಲ್ಲಿಯೇ ಸೇರಿದ ಹಣದ ಒಂದು ಪಾಲಿನಿಂದ 1960ರ ದಶಕದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಆಯ್ದ ಗ್ರಂಥಾಲಯಗಳಿಗೆ ಕಳಿಸಿದರು. ಷಿಕಾಗೊ ಅವುಗಳಲ್ಲೊಂದು. ಇಲ್ಲಿ ಮರುಮುದ್ರಣವಾಗದೆ ಮರೆಯಾದ ಪುಸ್ತಕ ಅಲ್ಲಿ ಸಿಗುವುದುಂಟು. ಕನ್ನಡದ ಮಕ್ಕಳು ಭೇಟಿಯ ದಿನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಕಪಾಟಿನ ಮುಂದೆ ನಿಲ್ಲಬೇಕು. ಊರು ದೂರವಾಯಿತೆಂಬ ಭಾವನೆಗೆ ಅದು ನಿಜವಾದ ಮದ್ದು.

ಭಾರತದಿಂದಲೇ ಭೇಟಿಗೆ ಹೋಗುವವರಿಗೆ ವೀಸಾದ ಮಾತು ಮುಖ್ಯ. ಎಫ್-1 ವಿದ್ಯಾರ್ಥಿ ವೀಸಾ ಸಿಕ್ಕಿದ್ದರೂ ಹೊಸ ವಿದ್ಯಾರ್ಥಿ ಕೋರ್ಸ್ ಶುರುವಾಗುವುದಕ್ಕೆ 30 ದಿನಕ್ಕಿಂತ ಮೊದಲು ಅದರ ಮೇಲೆ ದೇಶದೊಳಗೆ ಹೋಗುವಂತಿಲ್ಲ. ಕ್ಯಾಂಪಸ್ ನೋಡಿ ಬರಲು ಬೇಕಾಗುವುದು ಸಂದರ್ಶಕರ ವೀಸಾ. ಪ್ರವೇಶ ಪತ್ರ, ಭೇಟಿಯ ಆಹ್ವಾನ, ವಾಪಸು ಟಿಕೆಟ್ ಜೊತೆಗಿಟ್ಟುಕೊಂಡು, ಬಂದ ಉದ್ದೇಶವನ್ನು ಇದ್ದದ್ದು ಇದ್ದಂತೆ ಹೇಳಬೇಕು. ಟಿಕೆಟ್ಟಿನ ಖರ್ಚು ನೋಡಿದರೆ ಮಧ್ಯಮ ವರ್ಗದ ಮನೆಗಳಿಗೆ ಈ ಭೇಟಿ ಅನಿವಾರ್ಯವೇನಲ್ಲ. ಸಾಲ ಮಾಡಿ ಹೋಗುವಂಥದ್ದಂತೂ ಅಲ್ಲ. ಚಳಿಯ ದಪ್ಪ ಕೋಟನ್ನೂ ಇಲ್ಲಿಂದ ಹೊತ್ತೊಯ್ಯಬೇಕಿಲ್ಲ. ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ನಿಜವಾದ ಚಳಿ ಬರುವಷ್ಟರಲ್ಲಿ, ಅಲ್ಲಿನ ಚಳಿ ಕಂಡವರ ಸಲಹೆ ಕೇಳಿ ಅಲ್ಲಿಯೇ ಕೊಳ್ಳಲು ಆರು ವಾರ ಸಿಗುತ್ತದೆ.

ಹೋಗಲಾಗದವರು ಫೋನಿನಲ್ಲೇ ಬಹಳಷ್ಟು ನೋಡಬಹುದು, ಸರಿಯಾದ ಹೊತ್ತಿಗೆ ಕರೆ ಮಾಡಿದರೆ. ಫಲಿತಾಂಶಕ್ಕೆ ಕಾಯುತ್ತಿರುವ ಜನವರಿ, ಫೆಬ್ರವರಿಯಲ್ಲೇ ಅಲ್ಲಿ ಓದುತ್ತಿರುವ ಒಬ್ಬರನ್ನು ಹುಡುಕಿ, ವಾರದ ನಡುವೆ ಒಂದು ದಿನ ರಾತ್ರಿ ಎಂಟಕ್ಕೆ ವಿಡಿಯೊ ಕರೆ ಮಾಡಿ. ಷಿಕಾಗೊದಲ್ಲಿ ಆಗ ಬೆಳಿಗ್ಗೆ ಎಂಟೂವರೆ, ಅವರು ಮನೆಯಿಂದ ತರಗತಿಗೆ ಹೊರಡುವ ಹೊತ್ತು. ದಾರಿಯನ್ನು ತೋರಿಸಲು ಹೇಳಿ.